ಹಿಂದೆ ಸರಿಯಲು ಕಲಿಸಿದವರು

ಹೋದ ವಾರ ರೋಣದ ನಮ್ಮ ಮನೆಯಲ್ಲಿ ಹಳೆಯ ಗಾದಿಗಳನ್ನು ಬಿಚ್ಚಿ ಹತ್ತಿ ಹಿಂಜಿಸಿದೆವು. ಅಂಗಳದ ತುಂಬ ಧೂಳೆದ್ದಿತು. ಹಳೆಯ ಹತ್ತಿಯ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. "ಧೂಳಿಗೆ ಅಂಜಿದ್ರೇನ್ರಿ?" ಎಂದು ಹೆಂಡತಿ ನಕ್ಕಳು. ಧೂಳಿಗಲ್ಲ. ಆ ವಾಸನೆಯಲ್ಲಿ ಉಸ್ತಾದರಿದ್ದರು.

ನಾನು ಬೆಳೆದ ಗಜೇಂದ್ರಗಡದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮುಂದೆ ಗಾದಿ ಅಂಗಡಿ, ಹಿಂದೆ ಮನೆ. ಮಿಲಿಟರಿಯಲ್ಲಿ ಬಾಕ್ಸಿಂಗ್ ಕಲಿತು ಬಂದಿದ್ದರು. ಕುಸ್ತಿ ಬಿಟ್ಟರೆ ಬೇರೆ ಏನೂ ಗೊತ್ತಿಲ್ಲದ ಊರಿನಲ್ಲಿ, ಗೋಣಿಚೀಲಕ್ಕೆ ಕೆಟ್ಟ ಹತ್ತಿ ತುಂಬಿ ಹಿತ್ತಲ ಬೇವಿನ ಮರಕ್ಕೆ ತೂಗುಹಾಕಿ, ನಮ್ಮಂಥ ಕಾಲೇಜಿನವರಿಗೆ ಸಂಜೆ ಪಾಠ ಹೇಳುತ್ತಿದ್ದರು. ಪಾಠವೆಂದರೇನು? ತಿಂಗಳುಗಟ್ಟಲೆ ಬರೀ ಹಿಂದೆ ಸರಿಯುವುದು. ಗುದ್ದು ಬಂತು, ಸರಿ. ಮತ್ತೆ ಬಂತು, ಮತ್ತೆ ಸರಿ. ಗರಡಿಯ ಪೈಲ್ವಾನರು ಗೋಡೆಯಾಚೆಯಿಂದ ಇಣುಕಿ, "ಉಸ್ತಾದ್ರ, ಇದು ಹೊಡದಾಡೂ ಸಾಲಿನೋ, ಓಡೂ ಸಾಲಿನೋ?" ಎಂದು ಕಾಡಿಸುತ್ತಿದ್ದರು. ನಮಗೂ ಒಳಗೊಳಗೇ ನಾಚಿಕೆ.

"ಜೀಂವ ಉಳದ್ರ ಬೆಲ್ಲ ಬೇಡಿ ತಿಂದೇವು ಬಿಡ್ರಿ," ಎನ್ನುತ್ತಿದ್ದರು ಉಸ್ತಾದರು. ಮುಖದಲ್ಲಿ ನಗು ಇರುತ್ತಿರಲಿಲ್ಲ.

ಅವರು ಕಲಿತ ಕಾಲದ ಆಟವೇ ಬೇರೆಯಾಗಿತ್ತಂತೆ... ನೆಲಕ್ಕೆ ಕಾಲು ಊರಿ ಎದುರಿಗೆ ನಿಲ್ಲಬೇಕು, ಒಂದು ತಿಂದು ಒಂದು ಕೊಡಬೇಕು. ಸರಿದವನು ಹೇಡಿ. ರಜೆಗೆ ಬಂದಾಗ ತಮ್ಮನಿಗೂ ಅದನ್ನೇ ಕಲಿಸಿದರು. ನರಗುಂದದಲ್ಲಿ ಒಂದು ಪಂದ್ಯ. ತಮ್ಮನ ಕಾಲು ಸೋಲುತ್ತಿದ್ದಾಗ ಹಗ್ಗದಾಚೆಯಿಂದ ಅಣ್ಣನೇ ಕೂಗಿದ್ದು: "ಹಿಂದ ಸರೀಬ್ಯಾಡ!" ತಮ್ಮ ಸರಿಯಲಿಲ್ಲ. ಬಿದ್ದವನು ಬದುಕಿದ, ಆದರೆ ಮಾತೂ ತಿಳಿವೂ ಮರಳಲಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಅವ್ವ. ಉಸ್ತಾದರು ಒಮ್ಮೆಯೂ ಬಾಯಿ ಬಿಡಲಿಲ್ಲ.

ದಿನಾ ನಾವೆಲ್ಲ ಹೋದ ಮೇಲೆ ಅವರಿಗೆ ಇನ್ನೊಬ್ಬ ಶಿಷ್ಯನಿರುತ್ತಿದ್ದ. ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು. ಬೇವಿನ ಕೆಳಗೆ ತಮ್ಮನನ್ನು ನಿಲ್ಲಿಸಿ, ಅವನ ಮುಖದತ್ತ ಮುಷ್ಟಿಯನ್ನು ಮೆಲ್ಲಗೆ ಒಯ್ಯುತ್ತಿದ್ದರು. "ಸರಿಯೋ ತಮ್ಮಾ. ಒಂದ ಹೆಜ್ಜಿ ಸರಿ, ಸಾಕು." ಮುಷ್ಟಿ ಗಲ್ಲಕ್ಕೆ ತಾಗುವವರೆಗೂ ಅವನು ರೆಪ್ಪೆ ಮಿಟುಕಿಸದೆ ನಿಂತಿರುತ್ತಿದ್ದ. ಅಂದು ಅಣ್ಣ ಕೂಗಿದ ಮಾತನ್ನೇ ಇನ್ನೂ ಪಾಲಿಸುತ್ತಿದ್ದನೋ ಏನೋ...

ಉಸ್ತಾದರು ತೀರಿಕೊಂಡಾಗ ಹೆಗಲು ಕೊಡಲು ನಾನೂ ಹೋಗಿದ್ದೆ. ಇನ್ನೇನು ಎತ್ತಬೇಕು, ತಮ್ಮ ಬಂದು ತಲೆಬಾಗಿಲಲ್ಲಿ ನಿಂತುಬಿಟ್ಟ. "ಸರಿಯಪಾ, ದಾರಿ ಬಿಡು," ಎಂದು ಹಿರಿಯರು ಹೇಳಿದರು. ಉಸ್ತಾದರ ಹೆಂಡತಿ ಅವನ ಗದ್ದ ಹಿಡಿದು ಬೇಡಿಕೊಂಡರು. ಅವನು ಅಲುಗಲಿಲ್ಲ. ದೂಡಲು ಯಾರಿಗೂ ಮನಸ್ಸು ಬರಲಿಲ್ಲ. ಕೊನೆಗೆ ಹಿತ್ತಲ ಬಾಗಿಲಿನಿಂದ ಒಯ್ದೆವು.

ಈಗ ನನ್ನ ಮಗಳು ರೋಣದ ಮೈದಾನದಲ್ಲಿ ಬಾಕ್ಸಿಂಗ್ ಕಲಿಯುತ್ತಾಳೆ. ಈಗಿನವರ ಆಟ ನೋಡಬೇಕು! ಕೈ ಇಳಿಬಿಟ್ಟು, ಕುಣಿಕುಣಿದು, ಸೊಂಟದಿಂದಲೇ ಹಿಂದಕ್ಕೆ ಬಾಗಿ ಎದುರಾಳಿಯ ಗುದ್ದನ್ನು ಗಾಳಿಪಾಲು ಮಾಡುತ್ತಾರೆ. ಸರಿದವರಿಗೇ ಚಪ್ಪಾಳೆ. ಅವಳು ಸರಿದಾಗೊಮ್ಮೆ ಹಿಗ್ಗುತ್ತೇನೆ. ಇದನ್ನು ನೋಡಲು ಉಸ್ತಾದರು ಇರಬೇಕಿತ್ತು ಎಂದೂ ಅನಿಸುತ್ತದೆ.

ಊರಿಗೆ ಹೋದಾಗ ಅವರ ತಮ್ಮನನ್ನು ಕಂಡು ಬರುತ್ತೇನೆ. ಹಣ್ಣು ಮುದುಕನಾಗಿದ್ದಾನೆ. ಕಳೆದ ಸಲ ಅವನ ಗಲ್ಲದ ಮೇಲೊಂದು ನೊಣ ಕೂತಿತ್ತು. ಓಡಿಸೋಣವೆಂದು ಕೈ ಎತ್ತಿದೆ. ಅವನು ಕಾಲು ಊರಿ, ಮುಖವನ್ನು ನನ್ನ ಕೈಗೆ ಒಡ್ಡಿ ನಿಂತ. ನೊಣವನ್ನು ಅಲ್ಲೇ ಬಿಟ್ಟು ಕೈ ಇಳಿಸಿದೆ.