ಹುಲಿಗವಿ ಮಠದ ಕೆಂಡ ಮತ್ತು ಕೋದಂಡಪ್ಪನವರು

ಕಾಮಸಮುದ್ರದ ಆಚೆಯ ಹುಲಿಗವಿ ಬೆಟ್ಟದ ಮಠದಲ್ಲಿ ಮೂವತ್ತೇಳು ವರ್ಷ ಬೆಂಕಿ ಆರದಂತೆ ಕಾದು ಈ ಶಿವರಾತ್ರಿಗೆ ನಿವೃತ್ತರಾಗುತ್ತಿರುವ ಶ್ರೀ ಕೋದಂಡಪ್ಪನವರಷ್ಟು ದೀರ್ಘಕಾಲ ಆ ಸೇವೆ ಮಾಡಿದವರು ಮತ್ತೊಬ್ಬರಿಲ್ಲ. ಮಾರಿಕುಪ್ಪಂನ ಗಣಿಗಳಿಗೆ ಕರೆಂಟು ದೀಪ ಬಂದಮೇಲೂ ಈ ಮಠಕ್ಕೆ ಬೆಂಕಿಪೊಟ್ಟಣದ ಪ್ರವೇಶವಿರಲಿಲ್ಲ. ಮೂಲಗುರುಗಳು ಹೊತ್ತಿಸಿದ ಕೆಂಡವೇ ಗುಂಡಿಯಲ್ಲಿ ಉಳಿಯಬೇಕು. ಆರಿಸಿದವನು ಅದೇ ದಿನ ಬೆಟ್ಟ ಇಳಿಯಬೇಕು. ಇದು ಕಟ್ಟಳೆ.

ಸಾವಿರದ ಒಂಬೈನೂರ ನಾಲ್ಕರಲ್ಲಿ ಕೆಲಸಕ್ಕೆ ಸೇರಿದ ಒಂಬತ್ತನೇ ದಿನ, ಸ್ವಾಮಿಗಳು ಬೌರಿಂಗ್‌ಪೇಟೆಗೆ ಹೋಗಿದ್ದಾಗ, ಕೋದಂಡಪ್ಪನವರು ಶುಚಿಯ ಹುಮ್ಮಸ್ಸಿನಲ್ಲಿ ಗುಂಡಿಯ ಬೂದಿಯನ್ನೆಲ್ಲ ಬಳಿದು, ಅಂಚು ಸಾರಿಸಿ, ರಂಗೋಲಿಯನ್ನೂ ಇಟ್ಟರು. ಹೊದಿಕೆ ಕಳೆದುಕೊಂಡ ಕೆಂಡ ಮಧ್ಯಾಹ್ನದೊಳಗೆ ಆರಿತು. ಊದಿದರು, ಬೀಸಿದರು, ಅಡ್ಡಬಿದ್ದರು. ಊರಲ್ಲಿ ಅಪ್ಪ, ಮಗನಿಗೆ ಮಠದ ಕೆಲಸ ಸಿಕ್ಕಿತೆಂದು ನೆಂಟರಿಗೆಲ್ಲ ಸಾರಿಬಿಟ್ಟಿದ್ದರು. ಯಾವ ಮುಖ ಹೊತ್ತು ಹಿಂದಿರುಗುವುದು?

ಆಗ ನೆನಪಾಯಿತು: ಬೆಟ್ಟದ ಬುಡದ ಮನೆಯವರು ಪ್ರತಿ ಶಿವರಾತ್ರಿಗೆ ಮಠದ ಕೆಂಡ ಒಯ್ದು ಒಲೆಗಿಡುತ್ತಾರೆ. ಒಡೆದ ಮಡಕೆ ಹಿಡಿದು ನಾನೂರು ಮೆಟ್ಟಿಲು ಓಡಿ ಇಳಿದರು. ಬುಡದ ಮನೆಯ ಮುತ್ಯಾಲಮ್ಮ ಒಲೆಯಲ್ಲಿ ಹಲಸಿನ ಬೀಜ ಸುಡುತ್ತಿದ್ದರು. ಇವರು ಬಾಯಿ ತೆರೆಯುವ ಮೊದಲೇ ಮಡಕೆ ನೋಡಿದರು.

“ಏನ್ಲಾ, ಬೂದಿ ಬಳ್ದ್‌ಬುಟ್ಯಾ?”

ಕೋದಂಡಪ್ಪನವರು ತಲೆಯಾಡಿಸಿದರು.

“ತಕ್ಕಂಡು ಓಗು. ಇದೂ ನಿಮ್ಮ ಮಠದ್ದೇ ಅಲ್ವಾ. ಮೊದ್ಲು ಆ ರಂಗೋಲಿ ಅಳಿಸ್ಲಾ.”

ರಂಗೋಲಿಯ ವಿಷಯ ಅವರಿಗೆ ಹೇಗೆ ತಿಳಿಯಿತೆಂದು ಯೋಚಿಸುತ್ತಲೇ ಇವರು ಏದುಸಿರು ಬಿಡುತ್ತ ಮೇಲೇರಿದರು.

ಸಂಜೆ ಸ್ವಾಮಿಗಳು ಗುಂಡಿಯ ಬಳಿ ಕೂತು, ಬೂದಿ ಕೆದಕಿ, ಸುಟ್ಟ ಹಲಸಿನ ಬೀಜವೊಂದನ್ನು ಹೊರತೆಗೆದರು. ಕೋದಂಡಪ್ಪನವರು ಗಂಟು ಕಟ್ಟಲು ಎದ್ದರು. ಸ್ವಾಮಿಗಳು ಸಿಪ್ಪೆ ಸುಲಿದು ಬೀಜವನ್ನು ಬಾಯಿಗಿಟ್ಟುಕೊಂಡರು.

“ನಾನು ಬೆಂಕಿ ಕಾಯುತ್ತಿದ್ದಾಗ ಮುತ್ಯಾಲಮ್ಮನ ಅತ್ತೆ ಗೆಣಸು ಸುಡುತ್ತಿದ್ದಳು. ಅಲ್ಲಯ್ಯ, ನೀನು ಅದೇ ದಿನ ಬೆಟ್ಟ ಇಳಿದೆ ತಾನೇ? ಕಟ್ಟಳೆ ತೀರಿತು. ಕೂತುಕೋ.”

ಅಂದಿನಿಂದ ಕೋದಂಡಪ್ಪನವರು ಬೂದಿಗೆ ಪೊರಕೆ ಸೋಕಿಸಲಿಲ್ಲ. ಊರಿನ ಯಾರ ಮನೆಯ ಒಲೆ ಆರಿದರೂ ತಾವೇ ಕೆಂಡ ಹಿಡಿದು ಇಳಿದು ಬರುತ್ತಿದ್ದರು. ಹೋದ ವರ್ಷ ಇದನ್ನು ಬರೆದವಳ ಮನೆಯಲ್ಲಿ ಸೂತಕದ ಹದಿಮೂರು ದಿನ ಒಲೆ ಹೊತ್ತಿರಲಿಲ್ಲ. ಹದಿನಾಲ್ಕನೆಯ ದಿನ ಕೆಂಡ ತಂದಿಟ್ಟು, ಬೂದಿ ಮುಚ್ಚಿ ಹೋದರು.

ಈಗ ಅವರು ಬೆಟ್ಟದ ಬುಡದಲ್ಲೇ ಮನೆ ಮಾಡಿದ್ದಾರೆ. ಅವರ ಜಾಗಕ್ಕೆ ಬಂದಿರುವ ಮುನಿಶಾಮಿಯವರು ಬಹಳ ಶುಚಿಯ ಮನುಷ್ಯರೆಂದು ಕೇಳಿದ್ದೇವೆ. ಕೋದಂಡಪ್ಪನವರು ನೂರು ವರ್ಷ ಬಾಳಲಿ, ಅವರ ಒಲೆ ಒಂದು ದಿನವೂ ಆರದಿರಲಿ. ಬೇಕಾಗುತ್ತದೆ.