ಅಂಟಿದ ಹಾಳೆಗಳ ಕೆಳಗಿನ ಹಾಡು

ಐದು ವರ್ಷದ ಹಿಂದಿನ ಮಾತು. ನಾನಾಗ ಪುಣೆಯ ಪ್ರಯೋಗಾಲಯವೊಂದರಲ್ಲಿ ಹಿರಿಯ ಇಂಜಿನಿಯರ್. ನಿವೃತ್ತಿಗೆ ಎಂಟು ತಿಂಗಳಿತ್ತು. ನನ್ನ ಪಾಲಿನದು ಅತಿವೇಗದ ಕ್ಯಾಮೆರಾ. ಹಾಲು, ಮಂಜು, ಕಾಗದ ಇಂಥವುಗಳೊಳಗೆ ಬೆಳಕು ಚದುರಿಹೋಗುತ್ತದೆ. ನೇರ ಹೋಗಿ ಮರಳಿದ್ದು ಮೊದಲು ಬರುತ್ತದೆ, ಅಲೆದಾಡಿದ್ದು ತಡವಾಗಿ. ನಡುವಿನ ಅಂತರ ಕೆಲವೇ ಪಿಕೊಸೆಕೆಂಡ್. ಒಂದು ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ನಮ್ಮ ಕ್ಯಾಮೆರಾ ಮೊದಲು ಬಂದದ್ದನ್ನು ಹಿಡಿದು, ತಡವಾಗಿ ಬಂದದ್ದಕ್ಕೆ ಬಾಗಿಲು ಹಾಕುತ್ತಿತ್ತು. "ಬೆಳಕಿಗೂ ಹಾಜರಿ ಹಾಕ್ತೆ ನೀನು" ಎಂದು ಅಕ್ಕ ನಗುತ್ತಿದ್ದಳು.

ಆ ಮಳೆಗಾಲ ಶರಾವತಿ ಉಕ್ಕಿ ಹೊನ್ನಾವರದ ಅಕ್ಕನ ಮನೆಗೆ ನೀರು ನುಗ್ಗಿತು. ಹೋದದ್ದು ಹೋಯಿತೆಂದ ಅಕ್ಕ ಒಂದು ನೋಟ್‌ಬುಕ್ಕಿಗೆ ಮಾತ್ರ ಅತ್ತಳು. ನಮ್ಮ ತವರೂರು ಹೊಳನಗದ್ದೆಯಲ್ಲಿ ಅವ್ವ ಹಾಡುತ್ತಿದ್ದ ಹಾಡುಗಳನ್ನು ಅಕ್ಕ ತನ್ನ ಹದಿನಾರನೇ ವಯಸ್ಸಿನಲ್ಲಿ ಅದರಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಳು. ಒಣಗಿದ ಮೇಲೆ ಹಾಳೆಗಳೆಲ್ಲ ಅಂಟಿ ಹಲಗೆಯಂತಾಗಿದ್ದವು. ಅವ್ವ ಹೋಗಿ ಒಂಬತ್ತು ವರ್ಷವಾಗಿತ್ತು. ಅಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು, ಹೆಣ್ಣೊಪ್ಪಿಸುವ ಹಾಡು ಅದರೊಳಗಿತ್ತು.

"ಹಾಲಿನ ಒಳಗೂ ಕಾಣ್ತದೆ ಅಂತಿದ್ಯಲ್ಲೆ. ಇದೊಂದು ಓದಿಕೊಡು" ಎಂದಳು ಅಕ್ಕ.

ಅದನ್ನು ಪುಣೆಗೆ ಒಯ್ದು, ಅನುಮತಿ ಪಡೆದು ಪ್ರಯೋಗಾಲಯದಲ್ಲಿ ಮೂರು ಭಾನುವಾರ ಕೂತೆ. ಮೇಲಿನ ಹಾಳೆಯಿಂದ ಮರಳಿದ ಬೆಳಕು ಮೊದಲು, ಕೆಳಗಿನದ್ದು ಆಮೇಲೆ. ಹೀಗೆ ಒಂದೊಂದೇ ಹಾಳೆ ಬಿಡಿಸಿದೆ. ಏಳನೆಯದರ ಕೆಳಗೆ ಎಲ್ಲ ಮಸುಕು. ಪುಣ್ಯಕ್ಕೆ ಹಾಡು ಐದನೆಯದರಲ್ಲಿತ್ತು. ಅಕ್ಕನ ದುಂಡಕ್ಷರ ಪರದೆಯ ಮೇಲೆ ಮೂಡಿದ ಕೂಡಲೇ ಪ್ರಿಂಟ್ ತೆಗೆದೆ.

ಪ್ರಿಂಟ್ ಹಿಡಿದು ಹೊನ್ನಾವರಕ್ಕೆ ಹೋದೆ. ಅಕ್ಕ ಕನ್ನಡಕ ಹಾಕಿ ಓದಿದಳು: "ಹೊಳೆ ದಾಟಿ ಹೋಗ್ತೆ ಅವ್ವಾ, ಎಂತ ಕಟ್ಟಿ ಕೊಡ್ತೆ?" ಅದರ ಕೆಳಗೆ ಇನ್ನೊಂದು ಪ್ರಶ್ನೆ. ಅದರ ಕೆಳಗೂ ಪ್ರಶ್ನೆಯೇ. ಆ ಹಾಡನ್ನು ಎರಡು ಕಡೆಯಾಗಿ ಕೂತು ಹಾಡುತ್ತಾರೆ. ಮಗಳ ಕಡೆಯವರು ಕೇಳುತ್ತಾರೆ, ತಾಯಿಯ ಕಡೆಯವರು ಉತ್ತರಿಸುತ್ತಾರೆ. ಅವ್ವನ ಉತ್ತರ ಒಂದೂ ಇರಲಿಲ್ಲ. ಕ್ಯಾಮೆರಾ ಬಿಟ್ಟಿರಬೇಕೆಂದು ಲ್ಯಾಪ್‌ಟಾಪ್ ತೆರೆದು ಸಾಲುಗಳ ನಡುವೆ ಹುಡುಕತೊಡಗಿದೆ. ಅಕ್ಕ ನನ್ನ ಕೈ ಹಿಡಿದಳು.

"ನಾ ಬರೀಲೇ ಇಲ್ಲ ತಂಗಿ. ಅವ್ಳ ಸಾಲು ಎಂತಕ್ಕೆ ಬರೀಬೇಕು? ಆಗ ಅವ್ಳೇ ಇದ್ದಿದ್ಲಲ್ಲ."

ಅವ್ವ ಪ್ರತಿ ಸಲ ಉತ್ತರ ಬದಲಿಸುತ್ತಿದ್ದಳು. ಅಕ್ಕನಿಗೆ ಒಂದೂ ಪೂರ್ತಿ ನೆನಪಿರಲಿಲ್ಲ. ನಾನಂತೂ ಓದಿನ ನೆಪ ಹೇಳಿ ಒಮ್ಮೆಯೂ ಅವ್ವನ ಪಕ್ಕ ಹಾಡಲು ಕೂತವಳಲ್ಲ. ಆ ಹೊತ್ತಿನಲ್ಲಿ ನನಗೆ ಅವ್ವ ಬೇಕಿತ್ತು, ಬಹಳ ಬೇಕಿತ್ತು.

ಮರಳಿ ಬಂದ ಬೆಳಕನ್ನಷ್ಟೇ ಕ್ಯಾಮೆರಾ ಹಿಡಿಯಬಲ್ಲದು. ಮೂವತ್ತು ವರ್ಷ ಇದನ್ನು ಬೇರೆಯವರಿಗೆ ಪಾಠ ಮಾಡಿದ ನನಗೆ ಅದು ಅರ್ಥವಾದದ್ದು ಅಕ್ಕನ ಜಗಲಿಯಲ್ಲಿ.

ಮದುವೆಯ ದಿನ ಅಕ್ಕನ ಮಗಳು ಪ್ರಿಂಟ್ ನೋಡಿಕೊಂಡು ಕೇಳಿದಳು, ಎಂತ ಕಟ್ಟಿ ಕೊಡ್ತೆ ಎಂದು. ಅಕ್ಕ ತನಗೆ ತೋಚಿದ್ದನ್ನು ಹಾಡಿದಳು. ನಾನು ಪೆನ್ಸಿಲ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಈ ಸಲ ಉತ್ತರಗಳನ್ನೂ ಬರೆದುಕೊಂಡೆ.