ಮುಟ್ಟಲೊಲ್ಲೆ ಎಂದ ಬಾವಿನಕ್ಕ

ಯಾರ ಮೈಯನ್ನಾದರೂ ಮುಟ್ಟುವ ಮೊದಲು ಅವರು ತಮ್ಮ ಹಸಿರು ಗಾಜಿನ ಬಳೆಗಳನ್ನು ಮುಂಗೈ ಮೇಲೆ ಹೋಗುವಷ್ಟು ದೂರ ಏರಿಸಿ, ಕೆಳಗೆ ಜಾರದಂತೆ ಕೂದಲಿಗೆ ಕಟ್ಟುವ ರಬ್ಬರ್‌ಬ್ಯಾಂಡ್ ಬಿಗಿಯುತ್ತಿದ್ದರು. ಉಗುರನ್ನು ಎಷ್ಟು ಒತ್ತಿ ಕತ್ತರಿಸಿರುತ್ತಿದ್ದರೆಂದರೆ ಬೆರಳ ತುದಿಗಳು ಬೋಳುಬೋಳಾಗಿ, ಚಿಕ್ಕ ಮಕ್ಕಳ ಬೆರಳಿನಂತೆ ಕಾಣುತ್ತಿದ್ದವು. ಎಣ್ಣೆ ಹಚ್ಚುತ್ತಿರಲಿಲ್ಲ. ಒಣ ಕೈ. ಆ ಕೈ ನನ್ನ ತೋಳಿನ ಮೇಲೆ ಬಿದ್ದದ್ದು ಮೊದಲ ದಿನ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಲಿಲ್ಲವಾದ್ದರಿಂದಲೇ ನಂಬಿಕೆ ಬರಲಿಲ್ಲ.

ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಬಾಡಿಗೆ ಮನೆಯ ಮುಂದಿನ ಕೋಣೆ ಅವರದು. ಹುಟ್ಟಿದೂರು ಕುರುಗೋಡು. ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಆಯಾ ಆಗಿದ್ದು, ಅಲ್ಲಿ ಬರುತ್ತಿದ್ದ ಒಬ್ಬ ಫಿಸಿಯೋಥೆರಪಿ ಮೇಡಂ ಕೈಕೆಳಗೆ, ಬಾತ ಕೈಕಾಲಿನ ನೀರನ್ನು ಬೆರಳಿನಿಂದ ಮೆಲ್ಲಗೆ ಸರಿಸುವ ಈ ಕೆಲಸ ಕಲಿತವರು. ಬಾತ ಕೈ, ಬಾತ ಕಾಲಿನವರೇ ಅವರಲ್ಲಿಗೆ ಬರುತ್ತಿದ್ದುದರಿಂದ ಓಣಿಯವರು 'ಬಾವಿನಕ್ಕ' ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ನಾನು ಸಿರುಗುಪ್ಪದಲ್ಲಿ ವಿಜ್ಞಾನದ ಟೀಚರು. ಎಡ ಎದೆಯ ಗಡ್ಡೆ ತೆಗೆಯುವಾಗ ಸರ್ಜನ್ನರು ಕಂಕುಳದ ಗ್ರಂಥಿಗಳನ್ನೂ ತೆಗೆದಿದ್ದರು. ಎಂಟು ತಿಂಗಳಾದ ಮೇಲೆ ಆ ಕೈ ಬಾಯತೊಡಗಿತು. ಮೊದಲು ಕುಬುಸದ ತೋಳು ಬಿಗಿಯಾಯಿತು, ಆಮೇಲೆ ಬೆರಳ ಗೆಣ್ಣುಗಳೇ ಮಾಯವಾದವು. 'ದುಗ್ಧರಸವು ಅಂಗಾಂಶಗಳ ನಡುವಿನ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುತ್ತದೆ' ಎಂದು ಎಷ್ಟೋ ವರ್ಷ ಮಕ್ಕಳಿಗೆ ಬರೆಸಿದ್ದೆ. ಮೂರು ಸಾಲು, ಒಂದು ಚಿತ್ರ, ಮುಂದಿನ ಪಾಠ. ಆ ದ್ರವ ಮರಳದೆ ಹೋದರೆ ಒಂದು ತೋಳು ತುಂಬಿದ ಕೊಡದಷ್ಟು ಭಾರವಾಗುತ್ತದೆ ಎಂಬುದು ಪುಸ್ತಕದಲ್ಲಿರಲಿಲ್ಲ.

ಸರ್ಜನ್ನರೇ ಅವರ ವಿಳಾಸ ಕೊಟ್ಟಿದ್ದರು. ಆದರೂ ಸಂಶಯ. ನಮ್ಮ ಕಡೆ ತಿಕ್ಕುವುದೆಂದರೆ ಬಾಣಂತಿಗೆ ತಿಕ್ಕಿದಂತೆ, ಮೂಳೆ ನೆಟಿಕೆ ಎನ್ನಬೇಕು. ಇವರು ಬಾತ ಕೈ ಬಿಟ್ಟು ಮೊದಲು ಕತ್ತಿನ ಬುಡದ ಮೇಲೆ ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಎಳೆದು ಬಿಡುತ್ತ ಕೂತರು. ಆಮೇಲೆ ಬಲಗಡೆಯ ಕಂಕುಳು.

"ಅಕ್ಕಾ, ಬಾತಿರೋದು ಎಡಗೈರಿ" ಎಂದೆ.

"ಕಾಣ್ತೈತ್ರಿ ಟೀಚರಮ್ಮ. ನೀರು ಮುಂದ ಹೋಗಾಕ ಜಾಗ ಮಾಡ್ಬೇಕಲ್ಲ? ಕೆಳಗಿನ ಕಾಲುವಿ ಕಟ್ಟಿದ್ರ ಮ್ಯಾಲಿನ ಗದ್ದಿ ನೀರು ಎಲ್ಲಿ ಹೋಗ್ಬೇಕು?"

ಮಾತು ಸರಿಯಾಗಿತ್ತು. ಆದರೆ ಮಾತು ಬಲ್ಲವರ ಮೇಲೆಯೇ ನನಗೆ ಹೆಚ್ಚು ಅನುಮಾನ. ಅವರು ತೋಳಿನ ಐದು ಕಡೆ ಪೆನ್ನಿನ ಗುರುತು ಹಾಕಿ, ಮೊದಲೊಮ್ಮೆ ಆಮೇಲೊಮ್ಮೆ ಟೇಪು ಹಿಡಿದು ಅಳೆಯುತ್ತಿದ್ದರು. ಎರಡನೇ ಸಲ ಟೇಪನ್ನು ಬಿಗಿಯಾಗಿ ಎಳೆಯುತ್ತಾರೆಂದು ನನ್ನ ಗುಮಾನಿ. ಮನೆಗೆ ಬಂದು ಕದ ಹಾಕಿಕೊಂಡು ನನ್ನದೇ ಟೇಪಿನಲ್ಲಿ ಅಳೆದೆ. ಕಡಿಮೆಯಾಗಿದ್ದು ನಿಜ. ಸಂಜೆ ಮತ್ತೆ ಅಳೆದೆ. ಇಳಿದ ಬಾವು ಮುಕ್ಕಾಲು ಪಾಲು ಮರಳಿತ್ತು. ಸಿಕ್ಕಿಬಿದ್ದರು ಎಂದುಕೊಂಡೆ. ಮುಂದಿನ ಸಲ ಹೋದವಳೇ, "ನಿಮ್ಮ ಕೈಗುಣ ಸಂಜಿತನಕ ಅಷ್ಟ ಐತ್ರಿ" ಎಂದೆ.

"ಹೌದ್ರಿ, ಅಷ್ಟ. ಪಟ್ಟಿ ಕಟ್ಟಿದ್ರೇನು?"

ಬಾವು ಮತ್ತೆ ಏರದಂತೆ ಅವರು ತೋಳಿಗೆ ಸುತ್ತಿ ಕಳಿಸಿದ್ದ ಪಟ್ಟಿಯನ್ನು ಸೆಕೆಯೆಂದು ಬಸ್ಸಿನಲ್ಲೇ ಬಿಚ್ಚಿದ್ದೆ. ಚೀಲದಿಂದ ತೆಗೆದು ಮುಂದಿಟ್ಟೆ.

"ನನ್ನ ಕೈ ಅರ್ಧ, ಪಟ್ಟಿ ಅರ್ಧ. ಪೂರ್ತಿ ವಾಸಿ ಮಾಡ್ತೀನಂತ ಯಾರಾರ ಅಂದ್ರ ಆ ಬಾಗಲಕ ಹೋಗಬ್ಯಾಡ್ರಿ. ನನ್ನ ಬಾಗಲಾ ಆದ್ರೂ ಸೈ."

ಅವರಿಗೂ ಸಂಶಯ ಕಡಿಮೆಯಿರಲಿಲ್ಲ. ಬಂದವರ ಮಾತನ್ನು ನಂಬದೆ ಕೈಕಾಲನ್ನೇ ಕೇಳುತ್ತಿದ್ದರು. ಹೆಬ್ಬೆರಳಿನಿಂದ ಒತ್ತಿ, ತಗ್ಗು ಬೀಳುತ್ತದೆಯೇ, ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡುವರು. ಒಮ್ಮೆ ಒಬ್ಬ ಹೆಂಗಸು ಬಂದು, ಇದರಿಂದ ಹೊಟ್ಟೆ ಕರಗುತ್ತದಂತೆ, ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದಂತೆ, ಮೊಬೈಲಿನಲ್ಲಿ ನೋಡಿದೆ ಎಂದಳು.

"ವಿಷ ಕುಡದಿದ್ರ ಲಗೂನ ದವಾಖಾನಿಗೆ ಹೋಗವಾ" ಎಂದರು ಅಕ್ಕ. "ಇಲ್ಲಿ ನೀರು ಸರೀತೈತಿ. ಮನಿಗೆ ಹೋಗಿ ಎರಡು ಸಲ ಹೆಚ್ಚಿಗಿ ಒಂದಕ್ಕ ಹೋಗ್ತಿ. ಅದು ಬಿಟ್ರ ಏನಿಲ್ಲ." ಆ ಹೆಂಗಸು ಮತ್ತೆ ಬರಲಿಲ್ಲ.

ನನ್ನ ಕೈ ಆರು ವಾರದಲ್ಲಿ ಹಗುರಾಯಿತು. ಬೆರಳ ಗೆಣ್ಣುಗಳು ಕಂಡವು. ಎಡಗೈಯಲ್ಲೇ ಬರೆಯುವ ನಾನು ಬೋರ್ಡಿನ ಮೇಲಿನ ತುದಿಗೆ ಮತ್ತೆ ಕೈ ಎತ್ತಿ ಬರೆದ ದಿನ, ಬೇಕಿಲ್ಲದಿದ್ದರೂ ಒಂದು ಸಾಲು ಹೆಚ್ಚಿಗೆ ಬರೆದೆ. ಇಷ್ಟಾದರೂ ಮನಸ್ಸಿನ ಮೂಲೆಯ ಗುಮಾನಿ ಹೋಗಲಿಲ್ಲ. ಹೋಗಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಮಾರ್ಚ್ ತಿಂಗಳು. ಹಿಂದಿನ ದಿನ ಹಿತ್ತಲಲ್ಲಿ ಕರಿಬೇವು ಕೀಳುವಾಗ ಪಕ್ಕದ ನಿಂಬೆಯ ಮುಳ್ಳು ಎಡ ಮುಂಗೈಗೆ ಗೀರಿತ್ತು. ಬೆಳಿಗ್ಗೆ ಕೈ ಸ್ವಲ್ಪ ಕೆಂಪಾಗಿ ಬೆಚ್ಚಗಿತ್ತು. ಬಿಸಿಲು ಎಂದುಕೊಂಡು ಸಾಲೆಗೆ ರಜೆ ಹಾಕಿ ಬಸ್ ಹತ್ತಿದೆ. ಬಾವಿನಕ್ಕ ಹೊಸ್ತಿಲಲ್ಲೇ ನನ್ನ ತೋಳು ನೋಡಿದರು, ಅಂಗೈಯ ಹಿಂಬದಿಯನ್ನು ಅದರ ಹತ್ತಿರ ತಂದು ಮುಟ್ಟದೆಯೇ ಹಿಂದೆ ತೆಗೆದರು.

"ಇವತ್ತು ನಾ ಮುಟ್ಟೂದಿಲ್ರಿ. ನಂಜು ಏರೈತಿ. ಇದನ್ನ ಸರಿಸಿದ್ರ ನಂಜೂ ಸರೀತೈತಿ. ನೀವು ಈಗಿಂದೀಗ ದವಾಖಾನಿಗೆ ನಡೀರಿ."

"ಐವತ್ತು ಕಿಲೋಮೀಟರ್ ಬಂದೀನಿ ಅಕ್ಕಾ. ಮೆಲ್ಲಗ ಮಾಡ್ರಿ."

"ಮೆಲ್ಲಗೂ ಇಲ್ಲ."

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಬಾಗಿಲಲ್ಲಿ ಒಂದು ಕಾರು ನಿಂತಿತ್ತು. ಓಹೋ, ದೊಡ್ಡವರು ಬಂದಿದ್ದಾರೆ, ಅದಕ್ಕೇ ನನ್ನನ್ನು ಸಾಗಹಾಕುತ್ತಿದ್ದಾರೆ ಎಂದು ನನ್ನ ತಲೆ ಲೆಕ್ಕ ಹಾಕಿಬಿಟ್ಟಿತು. ಅದನ್ನೇ ಬಾಯಿಬಿಟ್ಟು ಅಂದೆ. ಅವರ ಮುಖ ಕೆಂಪಾಯಿತು. "ನಂಬೂದಾದ್ರ ನಂಬ್ರಿ, ಇಲ್ಲಾಂದ್ರ ಬಿಡ್ರಿ" ಎಂದವರೇ ಕದ ಹಾಕಿಕೊಂಡರು.

ನಾನು ಆಸ್ಪತ್ರೆಗೆ ಹೋಗಲಿಲ್ಲ. ಸಿಟ್ಟಿನಲ್ಲಿ, ದಾರಿಯಲ್ಲಿ ಬೋರ್ಡು ಕಂಡ ಇನ್ನೊಂದು ಮಸಾಜಿನ ಜಾಗಕ್ಕೆ ಹೋದೆ. ತಣ್ಣನೆಯ ಕೋಣೆ, ಸಣ್ಣಗೆ ಸಂಗೀತ, ಎಣ್ಣೆಯ ವಾಸನೆ. ಅಲ್ಲಿನ ಹುಡುಗಿ ಏನೂ ಕೇಳದೆ ಅರ್ಧ ತಾಸು ಬಲವಾಗಿ ತಿಕ್ಕಿದಳು. ಮಧ್ಯಾಹ್ನದ ಬಸ್ಸಿನಲ್ಲಿ ಹಲ್ಲು ಕಟಕಟಿಸುವ ಚಳಿ ಶುರುವಾಯಿತು. ಸಂಜೆಗೆ ನಮ್ಮ ಯಜಮಾನರು ಅದೇ ದಾರಿಯಲ್ಲಿ ನನ್ನನ್ನು ಬಳ್ಳಾರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದರು. ಚರ್ಮದ ಕೆಳಗಿನ ಸೋಂಕು ರಕ್ತಕ್ಕೆ ಇಳಿಯುವುದರಲ್ಲಿತ್ತು.

"ಇಂಥಾ ಕೈನ ತಿಕ್ಕಿದೋರು ಯಾರು?" ಎಂದು ಸರ್ಜನ್ನರು ಕೇಳಿದರು.

"ಪಾರ್ವತಿನಗರದಾಗ ಮಸಾಜ್ ಮಾಡಿಸ್ತೀನ್ರಿ" ಎಂದೆ.

ಆ ವಾಕ್ಯದಲ್ಲಿ ಒಂದು ಪದವೂ ಸುಳ್ಳಲ್ಲ. ಇಡೀ ವಾಕ್ಯ ಸುಳ್ಳು. ಟೀಚರಾಗಿ, ಹೇಳಿದ ಮಾತು ಕೇಳದೆ ಎಲ್ಲಿಗೋ ಹೋಗಿ ಕೈ ಕೆಡಿಸಿಕೊಂಡೆ ಎನ್ನಲು ನಾಲಿಗೆ ಏಳಲಿಲ್ಲ.

ನಮ್ಮವರು ರಾರಾವಿಯಲ್ಲಿ ಭತ್ತ ಬೆಳೆಯುವವರು, ಸಿಟ್ಟು ಬಂದರೆ ನಿಲ್ಲುವವರಲ್ಲ. ಮರುದಿನವೇ ಹೋಗಿ ಬಾವಿನಕ್ಕನ ಬಾಗಿಲ ಮುಂದೆ ನಿಂತು ಓಣಿಯೆಲ್ಲ ಕೇಳುವಂತೆ ಬೈದು ಬಂದರು. ಅಕ್ಕ ಒಂದು ಮಾತೂ ಆಡಲಿಲ್ಲವಂತೆ. "ತಪ್ಪು ಮಾಡಿದಾಕಿ, ಬಾಯಿ ಎಲ್ಲೈತಿ" ಎಂದರು ನಮ್ಮವರು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಸರ್ಜನ್ನರು ಅವರಲ್ಲಿಗೆ ರೋಗಿಗಳನ್ನು ಕಳಿಸುವುದನ್ನು ನಿಲ್ಲಿಸಿದರು.

ಒಂಬತ್ತು ದಿನ ಸೂಜಿ ಚುಚ್ಚಿಸಿಕೊಂಡೆ. ಬಿಡುಗಡೆಯ ದಿನ ಪಕ್ಕದ ಹಾಸಿಗೆಗೆ ಕೆಂಚನಗುಡ್ಡದ ಒಬ್ಬ ಅಜ್ಜಿ ಬಂದಳು, ಒಂದೇ ಕಾಲು ಬಾತಿತ್ತು. "ಬಾವಿನಕ್ಕ ಕಳಿಸಿದ್ಳವ್ವ. ಒಂದ ಕಾಲು ಹಿಂಗ ತಟ್ಟನ ಬಾತ್ರ ನಾ ಮುಟ್ಟಂಗಿಲ್ಲ, ನಾಳದಾಗ ರಕ್ತ ಹೆಪ್ಪುಗಟ್ಟಿರಬೌದು ಅಂದ್ಳು. ತಾನ ಆಟೋದಾಗ ಕರಕೊಂಡು ಬಂದು ಬಿಟ್ಟು ಹೋದ್ಳು" ಎಂದಳು. ಡಾಕ್ಟರು ನೋಡಿದಾಗ ಅದು ನಿಜವೂ ಆಗಿತ್ತು. ಆಗ ನನಗೆ ಮಲಗಿರಲಾಗಲಿಲ್ಲ. ನಮ್ಮವರನ್ನು ಕರೆದು ಎಲ್ಲವನ್ನೂ ಹೇಳಿದೆ. ಸರ್ಜನ್ನರಿಗೂ ಹೇಳಿದೆ. ನಮ್ಮವರು ಔಷಧದ ಚೀಲ ಹೆಗಲಿಗೆ ಏರಿಸಿದರು. ಆಮೇಲೆ, "ನಡಿ" ಎಂದರು.

ಬಾವಿನಕ್ಕ ಬಾಗಿಲು ತೆಗೆದರು. ನಾನು ಒಳಗೆ ಕಾಲಿಡಹೋದೆ. ಅವರು ಕೈ ಅಡ್ಡ ಹಿಡಿದರು.

"ಏನ್ ಹೇಳಾಕ ಬಂದೀರಿ?"

"ತಪ್ಪಾತು ಅನ್ನಾಕ ಬಂದೀನಿ ಅಕ್ಕಾ."

"ಬೈದದ್ದು ಹೊರಗ. ತಪ್ಪಾತು ಅನ್ನೂದು ಒಳಗ್ಯಾಕ್ರಿ?"

ಎದುರು ಮನೆಯವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಹಾಲಿನವನು ನಿಂತಿದ್ದ. ಓಣಿಯ ಕಡೆ ತಿರುಗಿ, ಹಿಂದಿನ ಬೆಂಚಿಗೂ ಕೇಳುವಷ್ಟು ದನಿ ಎತ್ತಿದೆ. "ಅಕ್ಕ ನನ್ನ ಕೈ ಮುಟ್ಟಿಲ್ಲ. ಮುಟ್ಟೂದಿಲ್ಲ ಅಂದ್ರು. ನಾನ ಬ್ಯಾರೆ ಕಡಿ ಹೋಗಿ ಕೆಡಿಸಿಕೊಂಡೆ, ಬಾಯಿ ಮುಚ್ಚಿಕೊಂಡೆ" ಎಂದೆ. ನಮ್ಮವರು ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಕ್ಕ ಎದುರು ಮನೆಯ ಕಡೆ ನೋಡಿ, "ಕೇಳಿದ್ರೇನ್ರಿ?" ಎಂದರು. ಆಮೇಲೆ ನಮಗೆ, "ಈಗ ಬರ್ರಿ."

ಅವರು ಕೊಟ್ಟ ಶಿಕ್ಷೆ ಇನ್ನೊಂದಿತ್ತು. ಅದು ನಮ್ಮವರಿಗೆ. ಕಾದು ಆರಿದ ಹಾಲಿನ ಪಾತ್ರೆ ಮುಂದಿಟ್ಟು, ಕೆನೆಯ ಮೇಲೆ ಬೆರಳಿಟ್ಟು ಸರಿಸಲು ಹೇಳಿದರು. "ಕೆನಿ ಸರೀಬೇಕು, ಹರೀಬಾರದು." ಗುದ್ದಲಿ ಹಿಡಿದ ಕೈ ಎಷ್ಟೋ ಪಾತ್ರೆಯ ಕೆನೆ ಹರಿಯಿತು. ಒಂದು ತಿಂಗಳಿಗೆ ಹರಿಯದಂತಾಯಿತು. ಆಮೇಲೆ ಅಕ್ಕ ನನ್ನ ತೋಳನ್ನು, ಮನೆಯಲ್ಲಿ ದಿನವೂ ಸರಿಸಲೆಂದು, ನಮ್ಮವರ ಕೈಗೆ ಕೊಟ್ಟರು. ನನ್ನನ್ನು ಮಾತ್ರ ಕೊನೆಯವರೆಗೂ ನಂಬಲಿಲ್ಲ. ಪ್ರತಿ ಸಲ, "ಬ್ಯಾರೆ ಎಲ್ಲಾರ ತೋರಿಸಿ ಬಂದೀರೇನು?" ಎಂದು ಕೇಳಿಯೇ ಪಟ್ಟಿ ಬಿಚ್ಚುತ್ತಿದ್ದರು.

ಎರಡು ವರ್ಷದ ಮೇಲೆ ಅವರ ಎರಡೂ ಪಾದ ಬಾತವು. ಕುರುಗೋಡಿಗೆ, ಮಗಳ ಮನೆಗೆ ಹೋದರು. ನೋಡಲು ಹೋದಾಗ, "ಕಾಲು ನಾ ಸರಿಸಲೇನ್ರಿ?" ಎಂದು ನಮ್ಮವರು ಕೇಳಿದರು. ಅಕ್ಕ ನಕ್ಕರು. "ಇದು ಎದಿಗುಂಡಿಗಿ ಸೋತು ಇಳದ ನೀರು. ಮ್ಯಾಲಕ ತಳ್ಳಿದ್ರ ಎದಿಗೆ ಇನ್ನಷ್ಟು ಭಾರ. ಮುಟ್ಟಬ್ಯಾಡ್ರಿ."

ಹೊರಡುವಾಗ ನನ್ನನ್ನು ಹತ್ತಿರ ಕರೆದರು. "ಒಂದು ಮಾತು ಟೀಚರಮ್ಮ. ಅವತ್ತು ನೀವು ಅಂದ ಮಾತಿಗೆ ನನಗ ಸಿಟ್ಟು ಬಂತು, ಕದ ಹಾಕಿದೆ. ಹಾಕಬಾರದಿತ್ತು. ಕೆನ್ನಿಗೆ ಒಂದು ಹೊಡದಾದ್ರೂ ಆಟೋದಾಗ ಕುಂದ್ರಿಸಿ ನಾನ ದವಾಖಾನಿಗೆ ಒಯ್ಯಬೇಕಿತ್ತು. ನೀವು ಸತ್ತಿದ್ರ?"

ಕೆಂಚನಗುಡ್ಡದ ಅಜ್ಜಿಯ ಜೊತೆ ಅವರು ತಾವೇ ಆಟೋ ಹತ್ತಿದ್ದೇಕೆಂದು ನನಗೆ ತಿಳಿದದ್ದು ಆಗ. ನಾನು ಅವರ ಹೆಸರು ಕೆಡಿಸಿ ಮಲಗಿದ್ದ ಆ ಒಂಬತ್ತು ದಿನ, ಅವರು ಆ ಮುಚ್ಚಿದ ಕದದ ಬಗ್ಗೆ ಯೋಚಿಸುತ್ತಿದ್ದರು. ಏನಾದರೂ ಹೇಳಬೇಕಿತ್ತು. ಅವರ ಕಾಲ ಮೇಲಿನ ಹೊದಿಕೆ ಸರಿಪಡಿಸಿ ಎದ್ದೆ. ಮುಂದಿನ ಭಾನುವಾರ ಬಂದು ಹೇಳುತ್ತೇನೆ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅಕ್ಕನ ಮಗಳ ಫೋನ್ ಬಂತು.